ಸಿಂಹದ ಮುಂದೆ ಮೌನ, ಮೇಷ್ಟ್ರ ಮುಂದೆ ಭಾಷಣ

ಸೇವಾರ್ಥಿಯನ್ನು ಗುರುತಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಜಾಂಬಿಯಾದ ಲುಸಾಕಾದಲ್ಲಿ ವಿಮಾನ ಇಳಿದರೂ ಚಳ್ಳಕೆರೆಯಲ್ಲಿ ಬಸ್ಸು ಇಳಿದರೂ ಅವನ ವೇಷ ಒಂದೇ: ಕತ್ತಿನ ಹಿಂದಕ್ಕೆ ಪರದೆ ಇಳಿಬಿಟ್ಟ ಟೋಪಿ, ಯಾವುದರಲ್ಲಿ ಏನಿಟ್ಟೆನೆಂದು ಅವನಿಗೇ ನೆನಪಿರದಷ್ಟು ಜೇಬುಗಳ ಪ್ಯಾಂಟು, ಸೊಂಟದಲ್ಲಿ ಸ್ಟೀಲ್ ಬಾಟಲಿ, ಮೂಗಿನ ಮೇಲೆ ಬಿಳಿಯ ಕ್ರೀಮು, ಎದೆಯ ಮೇಲೆ ಸಂಸ್ಥೆಯ ಹೆಸರು ಹೊತ್ತ ಟೀ ಶರ್ಟು. ಅಮೆರಿಕದವನಾದರೆ ಮಲಾವಿಯ ಹಳ್ಳಿಗೆ ಹೋಗುತ್ತಾನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಚೇರಿಯವನಾದರೆ ಶನಿವಾರ ಬೆಳಗಿನ ಜಾವ ಹೊರಟು, ಹಿರಿಯೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಮೊಳಕಾಲ್ಮೂರಿನ ಹಳ್ಳಿಗೆ ಬರುತ್ತಾನೆ. ಹೋದ ಊರಿನ ಮಟ್ಟಿಗೆ ಇಬ್ಬರೂ ಪರದೇಶಿಗಳೇ. ಇಬ್ಬರ ಮನಸ್ಸೂ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಇಬ್ಬರಿಗೂ ಸೇವೆಯ ನಡುವೆ ಒಂದು ಬಿಡುವು ಬೇಕು, ಆ ಬಿಡುವಿನಲ್ಲಿ ಒಂದು ಸಫಾರಿ ಬೇಕು. ನೋಡುವವರಿಗೆ ಸೇವೆಯೇ ಪುಣ್ಯದ ಕೆಲಸ, ಸಫಾರಿ ಬರೀ ಮೋಜು ಎನ್ನಿಸುತ್ತದೆ. ಅವನ ನಡವಳಿಕೆಯನ್ನು ಎರಡೂ ಕಡೆ ಅಕ್ಕಪಕ್ಕ ಇಟ್ಟು ತೂಗಿದರೆ ತಕ್ಕಡಿ ಬೇರೆ ಮಾತು ಹೇಳುತ್ತದೆ. ಮೋಜಿಗೆ ಹೋದಾಗ ಈ ಮನುಷ್ಯ ಸಭ್ಯನಾಗಿರುತ್ತಾನೆ. ಕೆಡುವುದು ಸೇವೆಗೆ ನಿಂತಾಗ.

ಸಫಾರಿಯ ಸಾಕ್ಷ್ಯವನ್ನು ಮೊದಲು ತೆಗೆದುಕೊಳ್ಳೋಣ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಆದದ್ದು; ವಿಸ್ತಾರ 19,000 ಚದರ ಕಿಲೋಮೀಟರಿಗೂ ಮಿಗಿಲು. ಅಲ್ಲಿ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಜಲ್ಲಿ ರಸ್ತೆಯಲ್ಲಿ 40 ಮೀರುವಂತಿಲ್ಲ. ಗೊತ್ತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಗಾಡಿಯಿಂದ ಇಳಿಯುವಂತಿಲ್ಲ, ಸಂಜೆ ಗೇಟು ಮುಚ್ಚುವ ಮೊದಲು ಒಳಸೇರದಿದ್ದರೆ ದಂಡ. ನಮ್ಮ ಸೇವಾರ್ಥಿ ಇದನ್ನೆಲ್ಲ ತುಟಿಪಿಟಿಕ್ಕೆನ್ನದೆ ಪಾಲಿಸುತ್ತಾನೆ. ಬೆಳಗಿನ ನಾಲ್ಕಕ್ಕೆ ಏಳುತ್ತಾನೆ. ಗೈಡ್ ಬೆರಳು ತೋರಿಸಿದ ಕಡೆ ನೋಡುತ್ತಾನೆ. ಏನೂ ಕಾಣದಿದ್ದರೂ ಕಂಡವನಂತೆ ತಲೆಯಾಡಿಸುತ್ತಾನೆ. ಲದ್ದಿಯ ಬಿಸಿ ನೋಡಿ ಆನೆ ಎಷ್ಟು ಹೊತ್ತಿಗೆ ಹೋಯಿತೆಂದು ಹೇಳುವ ಆ ಗೈಡಿನ ಜ್ಞಾನಕ್ಕೆ ಮನಸಾರೆ ಬೆರಗಾಗುತ್ತಾನೆ, ಇಳಿಯುವಾಗ ಕೈತುಂಬ ಟಿಪ್ಸ್ ಕೊಡುತ್ತಾನೆ. ಸಿಂಹ ಹಗಲು ಹೊತ್ತು ಮರದಡಿ ಬಿದ್ದುಕೊಂಡಿದ್ದರೆ ಸೋಮಾರಿ ಎನ್ನುವುದಿಲ್ಲ, ಅದರ ವಿಶ್ರಾಂತಿಯ ಕ್ರಮ ಎನ್ನುತ್ತಾನೆ. ಕೆಸರಿನಲ್ಲಿ ಹೊರಳುವ ಎಮ್ಮೆಯ ಮುಂದೆ ನಿಂತು ಸ್ವಚ್ಛತೆಯ ಏಳು ಹಂತ ವಿವರಿಸುವುದಿಲ್ಲ. ಜಿರಾಫೆಯ ಸಮಸ್ಯೆ ಏನೆಂದು ಚಾರ್ಟ್ ಹಿಡಿದು ಗುಂಪು ಚರ್ಚೆ ಮಾಡಿಸುವುದಿಲ್ಲ. ಒಟ್ಟಿನಲ್ಲಿ ಅಲ್ಲಿ ತಾನು ಹೊರಗಿನವನು, ಇದು ತನಗೆ ತಿಳಿಯದ ಲೋಕ, ತಿಳಿದವನೊಬ್ಬ ಮುಂದೆ ಕೂತಿದ್ದಾನೆ ಎಂಬ ಅರಿವು ಅವನಿಗೆ ಸದಾ ಇರುತ್ತದೆ. ವಿನಯಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಇದೇ ಮನುಷ್ಯ ಮೊಳಕಾಲ್ಮೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಅಂಗಳಕ್ಕೆ ಇಳಿದ ಹತ್ತನೇ ನಿಮಿಷಕ್ಕೆ ಕೈ ತೊಳೆಯುವುದು ಹೇಗೆಂದು ಹೇಳಿಕೊಡತೊಡಗುತ್ತಾನೆ. ಅಂತರ್ಜಲದಲ್ಲಿ ಫ್ಲೋರೈಡ್ ಬೆರೆತ ಸೀಮೆಯಿದು. ಕುಡಿಯುವ ನೀರಿನ ಕ್ಯಾನ್ ಹಿಡಿದು ಘಟಕದ ಮುಂದೆ ಸಾಲು ನಿಂತು ಬೆಳೆದ ಮಕ್ಕಳಿಗೆ, ನಲ್ಲಿ ತಿರುಗಿಸಿದರೆ ನೀರು ಬರುವ ಊರಿನಿಂದ ಬಂದವನು ನೀರಿನ ಬೆಲೆ ಬೋಧಿಸುತ್ತಾನೆ. ಮಕ್ಕಳು ಬುದ್ಧಿವಂತರು, ಇಂಥ ಎಷ್ಟೋ ಅಣ್ಣಂದಿರನ್ನು ಕಂಡವರು. "ಗುಡ್ ಮಾರ್ನಿಂಗ್ ಅಣ್ಣ" ಎಂದು ರಾಗವಾಗಿ ಕೂಗಿ, ಫೋಟೊಗೆ ಯಾವ ಕಡೆ ತಿರುಗಬೇಕೆಂದು ತಾವೇ ಕೇಳುತ್ತಾರೆ. "ಊಟ ಮಾಡ್ಕೊಂಡೇ ಹೋಗ್ಬೇಕು ಸಾರ್" ಎಂದು ಹೆಡ್ಮಾಸ್ಟರು ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿಗೆ ಹೇಳಿಸಿರುತ್ತಾರೆ. ಖರ್ಚು ಯಾವ ಲೆಕ್ಕಕ್ಕೆ ಹಾಕುವುದೆಂಬುದು ಅವರ ತಲೆನೋವು. ಆಮೇಲೆ ಗೋಡೆಗೆ ಬಣ್ಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದ ಮೇಲೆ ಶಾಲೆಯ ಗೋಡೆಗಳಿಗೆ ಬಂದ ಸುಗ್ಗಿ ಅಷ್ಟಿಷ್ಟಲ್ಲ. ಚಿತ್ರದ ವಿಷಯ ಗಮನಿಸಬೇಕು: ಸಿಂಹ, ಜಿರಾಫೆ, ಎರಡು ಗುಡ್ಡಗಳ ನಡುವೆ ಸೂರ್ಯ, ತುಂಬಿ ಹರಿಯುವ ನದಿ, ದಂಡೆಯಲ್ಲಿ ತೆಂಗಿನ ಮರ. ಊರಾಚೆ ಓಡಾಡುವ ತೋಳ, ಶೇಂಗಾ ಹೊಲಕ್ಕೆ ಇಳಿಯುವ ಕರಡಿ, ಕಂಬಳಿಗಾಗಿಯೇ ಸಾಕುವ ಕರಿಯ ಕುರಿ ಯಾವುದಕ್ಕೂ ಆ ಗೋಡೆಯಲ್ಲಿ ಜಾಗವಿಲ್ಲ. ಊರಿಗೆ ಬಂದವನು ಊರನ್ನೇ ನೋಡಿಲ್ಲ ಎಂಬುದಕ್ಕೆ ಸಹಿ ಹಾಕಿದ ದಾಖಲೆ ಅದು.

ಗೋಡೆಯಾದರೂ ಎರಡು ಮಳೆಗಾಲಕ್ಕೆ ಮಾಸುತ್ತದೆ; ಕಾವಲಿನ ಕಥೆ ಹಾಗಲ್ಲ. ಚಳ್ಳಕೆರೆ ಸೀಮೆಯ ಅಮೃತ್ ಮಹಲ್ ಕಾವಲುಗಳು ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯ ಕಾಲದಿಂದ ಹುಲ್ಲಿಗೆಂದೇ ಕಾಯ್ದಿಟ್ಟ ಬಯಲುಗಳು. ಅಮೃತ್ ಮಹಲ್ ಎಂಬ ಹೆಸರು ಟಿಪ್ಪು ಕೊಟ್ಟದ್ದು. ಅಲ್ಲಿ ಮೇದ ಎತ್ತುಗಳು ಹೈದರ್, ಟಿಪ್ಪು ದಂಡಿನ ಫಿರಂಗಿಗಳನ್ನು ಎಳೆದವು. ಇಲ್ಲಿನ ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಕ್ರೂಗರ್‌ನ ಹಲವು ಭಾಗಗಳಲ್ಲೂ ಹೆಚ್ಚುಕಡಿಮೆ ಇಷ್ಟೇ. ಹುಲ್ಲು, ನಡುನಡುವೆ ಕುರುಚಲು, ಅಲ್ಲೊಂದು ಇಲ್ಲೊಂದು ಜಾಲಿ, ದಿಗಂತದವರೆಗೆ ಬಿಸಿಲು: ಲಕ್ಷಗಟ್ಟಲೆ ಸುರಿದು ಸೇವಾರ್ಥಿ ಆಫ್ರಿಕಾದಲ್ಲಿ ನೋಡಿ ಬರುವ ನೆಲವೂ ಇದೇ ಬಳಗದ್ದು. ಅಲ್ಲಿ ಅದನ್ನು ಕಂಡು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ, ಸೌಂದರ್ಯಕ್ಕೆ. ಇಲ್ಲಿಯೂ ತಂದುಕೊಳ್ಳುತ್ತಾನೆ, ಅಯ್ಯೋ ಒಂದು ಮರವೂ ಇಲ್ಲವಲ್ಲ ಎಂಬ ಮರುಕಕ್ಕೆ. ತಂದ ಸಸಿ ನೆಡುತ್ತಾನೆ, ಬೀಜದುಂಡೆ ಎಸೆಯುತ್ತಾನೆ, ಬ್ಯಾನರ್ ಬಿಚ್ಚಿ ಗುಂಪಿನ ಫೋಟೊ ತೆಗೆಸುತ್ತಾನೆ. ಕೃಷ್ಣಮೃಗಕ್ಕೆ ದೂರದ ಅಪಾಯ ಕಾಣಲು ಬಯಲು ಬೇಕು, ಎರ್ಲಡ್ಡು ಹಕ್ಕಿ ಮೊಟ್ಟೆಯಿಡುವುದು ಬಯಲಿನ ನೆಲದ ಮೇಲೆಯೇ, ಕುರಿಗೆ ಬೇಕಾದದ್ದು ಹುಲ್ಲು. ಹುಲ್ಲುಬಯಲಿಗೆ ಮರ ತುಂಬಿದರೆ ಈ ಮೂರಕ್ಕೂ ಸಂಚಕಾರ. "ಯಾಕ್ ಸ್ವಾಮಿ, ಮೇಯೋ ಜಾಗ್ದಾಗೆ ಗುಂಡಿ ತೋಡ್ತೀರ?" ಎಂದು ಕುರಿ ಕಾಯುವವನು ಕೇಳಿದರೆ ಅವನಿಗೆ ಪರಿಸರದ ಮಹತ್ವ ತಿಳಿಸಿಕೊಡುತ್ತಾನೆ. ತಪ್ಪು ಇವನೊಬ್ಬನದೇ ಅಲ್ಲ ಎನ್ನಬೇಕು. ದೇಶದ ಬಂಜರು ಭೂಮಿಯ ನಕಾಶೆಯಲ್ಲಿಯೇ ಕುರುಚಲು ಬಯಲುಗಳು ಸೇರಿಹೋಗಿವೆ. ಇಲ್ಲಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ, ಅಣು, ವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಅದರ ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. 2017ರಲ್ಲಿ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು, 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ವಾಹನ ಅಲ್ಲಿನ ರನ್‌ವೇಯಲ್ಲಿ ತಾನಾಗಿ ಬಂದಿಳಿಯಿತು. ಅದು ಹೆಮ್ಮೆಯ ಸಂಗತಿಯೇ. ಆದರೂ ಖಾಲಿ ಕಂಡ ಜಾಗಕ್ಕೆ ಸರ್ಕಾರ ರನ್‌ವೇ ಕೊಡುತ್ತದೆ, ಸೇವಾರ್ಥಿ ಸಸಿ ಕೊಡುತ್ತಾನೆ. ಹುಲ್ಲಿನ ಪಾಲಿಗೆ ಇಬ್ಬರೂ ದಾನಿಗಳೇ.

ಇದು ನಮ್ಮ ಬಯಲುಸೀಮೆಯ ಮೇಲಷ್ಟೇ ಬಿದ್ದ ಶನಿ ಎಂದುಕೊಳ್ಳಬಾರದು. ದಕ್ಷಿಣ ಆಫ್ರಿಕಾ ಮತ್ತು ಅದರ ಸುತ್ತಿನ ದೇಶಗಳಲ್ಲಿ ಇದರ ದೊಡ್ಡ ಆವೃತ್ತಿಗಳಿವೆ. ಮಕ್ಕಳು ಕೂತು ತಿರುಗುವ ಆಟದ ಚಕ್ರಕ್ಕೆ ಬೋರ್‌ವೆಲ್ ಪಂಪು ಜೋಡಿಸಿದರೆ ಆಟವೂ ಆಯಿತು, ನೀರೂ ಬಂತು ಎಂಬ ಸೊಗಸಾದ ಯೋಚನೆ ಅಲ್ಲಿ ಹುಟ್ಟಿತು. ಅದರ ಹೆಸರು ಪ್ಲೇಪಂಪ್. 2006ರಲ್ಲಿ ಅಮೆರಿಕದಿಂದ ಕೋಟಿಗಟ್ಟಲೆ ನೆರವು ಘೋಷಣೆಯಾಗಿ, 2010ರೊಳಗೆ 4,000 ಪಂಪು ಹಾಕುವ ಗುರಿ ನಿಂತಿತು. ಯೋಚನೆಯಲ್ಲಿ ಬಿಟ್ಟುಹೋದದ್ದು ಒಂದೇ: ಮಕ್ಕಳಿಗೆ ಆಟ ಸಾಕಾಗುತ್ತದೆ. ಸಾಕಾದ ಮೇಲೆ ಚಕ್ರ ತಿರುಗಿಸುವ ಕೆಲಸ ಊರಿನ ಹೆಂಗಸರ ಪಾಲಿಗೆ ಬಂತು. ನಡು ಬಗ್ಗಿಸಿ ಆಟಿಕೆ ತಳ್ಳುವ ಮುದುಕಿಯರು ಹಳೆಯ ಕೈಪಂಪೇ ವಾಸಿಯಿತ್ತು ಎಂದರು, ಆದರೆ ಎಷ್ಟೋ ಕಡೆ ಅದನ್ನು ಕಿತ್ತಾಗಿತ್ತು. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕೆಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಇನ್ನೊಂದು ಸಾಕ್ಷ್ಯ ನೇರವಾಗಿ ಪ್ರಾಣಿಗಳಿಂದಲೇ ಬರುತ್ತದೆ. ತಾಯಿಯಿಲ್ಲದ ಸಿಂಹದ ಮರಿಗಳಿಗೆ ಬಾಟಲಿ ಹಾಲು ಕುಡಿಸುವ ಸೇವೆಗೆಂದು ಯುರೋಪು, ಅಮೆರಿಕದ ಹುಡುಗ ಹುಡುಗಿಯರು ಹಣ ಕಟ್ಟಿ ದಕ್ಷಿಣ ಆಫ್ರಿಕಾದ ಫಾರಂಗಳಿಗೆ ಹೋಗುತ್ತಿದ್ದರು. ಅಂಥ ಎಷ್ಟೋ ಫಾರಂಗಳಲ್ಲಿ ಮರಿಗೆ ತಾಯಿ ಇಲ್ಲದಿರಲು ಕಾರಣ, ತಾಯಿಯಿಂದ ಬೇಗ ಕಿತ್ತು ತಂದದ್ದು. ಬೆಳೆದ ಮೇಲೆ ಅವು ಬೇಲಿಯೊಳಗೇ ಗುಂಡು ಹೊಡೆಯುವ ಶ್ರೀಮಂತ ಬೇಟೆಗಾರರಿಗೆ ಮಾರಾಟವಾಗುತ್ತಿದ್ದವು. ಸೆರೆಯಲ್ಲಿ ಸಿಂಹ ಸಾಕುವ ಈ ಉದ್ಯಮವನ್ನು ನಿಲ್ಲಿಸುವುದಾಗಿ 2021ರಲ್ಲಿ ಅಲ್ಲಿನ ಸರ್ಕಾರವೇ ಹೇಳಬೇಕಾಯಿತು. ಸಿಂಹವನ್ನು ಜೀಪಿನಲ್ಲಿ ಕೂತು ಸುಮ್ಮನೆ ನೋಡಿದವನು ಅದಕ್ಕೆ ಕೇಡು ಮಾಡಲಿಲ್ಲ. ತೊಡೆಯ ಮೇಲಿಟ್ಟು ಹಾಲೂಡಿದವನು ತಿಳಿಯದೆಯೇ ಬೇಟೆಗಾರನಿಗೆ ಸಿಂಹ ಬೆಳೆಸಿಕೊಟ್ಟ.

ಬೇರೆಯವರ ಊರಿನಲ್ಲಿ ಒಳ್ಳೆಯ ಮಾತು ಬರೆದು ಹೋಗುವ ಚಪಲ ಇವತ್ತಿನದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿಯೇ ಅಶೋಕ ಬರೆಸಿದ ಶಾಸನಗಳಿವೆ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ನಿಜ ಹೇಳಿ, ಗುರುಗಳನ್ನು ಗೌರವಿಸಿ ಎಂಬುದು ಸಾರಾಂಶ. ಶಾಲೆಯ ಗೋಡೆಗೆ ಇಂದಿಗೂ ಬಣ್ಣದಲ್ಲಿ ಬರೆಯುವುದು ಇದನ್ನೇ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕುರಿ ಅಟ್ಟಿಕೊಂಡು ಬಂಡೆಯ ಪಕ್ಕ ಹಾದುಹೋದವನಿಗೆ ಅದರಲ್ಲಿ ಎಷ್ಟು ದಕ್ಕಿತೋ ಅವನೇ ಬಲ್ಲ. ಬರೆದವನ ಹೆಸರು ಚಪಡ. ರಾಜನ ಮಾತು ಮುಗಿದ ಮೇಲೆ ಅವನು ತನ್ನ ಹೆಸರನ್ನೂ ಸೇರಿಸಿ, ತಾನು ಲಿಪಿಕಾರನೆಂಬುದನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಕೆಲಸ ಮುಗಿದ ಮೇಲೆ ತಾನಿಲ್ಲಿಗೆ ಬಂದಿದ್ದೆನೆಂದು ತನ್ನ ಕಡೆಯವರಿಗೆ ಗೊತ್ತಾಗುವಂತೆ ಗುರುತು ಬಿಟ್ಟು ಹೋಗುವ ಸೇವಾರ್ಥಿಯ ವಂಶವೃಕ್ಷ ಅಲ್ಲಿಂದಲೇ ಶುರುವಾಗುತ್ತದೆ ಎಂದರೆ ಚಪಡ ಬೇಸರಪಡಲಾರ. ಇನ್ನು ಆ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಪಾದ್ರಿಯ ಮಗ, ಇಂಗ್ಲಿಷರವರು. ಆದರೆ ಹುಟ್ಟಿದ್ದು ಬೆಂಗಳೂರಿನಲ್ಲಿ, ಕಲಿತದ್ದು ಕನ್ನಡ, ಮಾಡಿದ್ದು ಊರೂರು ಅಲೆದು ಅಲ್ಲಿ ಮೊದಲೇ ಇದ್ದ ಬರಹವನ್ನು ಓದುವ ಕೆಲಸ. ಬಂಡೆಯ ಮೇಲೆ ತಮ್ಮದೊಂದು ಸಾಲು ಸೇರಿಸಲಿಲ್ಲ. ಒಬ್ಬ ಪರದೇಶಿ ಬರೆದು ಹೋದ, ಇನ್ನೊಬ್ಬ ಪರದೇಶಿ ಓದಿ ಹೋದ. ಮೊಳಕಾಲ್ಮೂರಿಗೆ ಇಬ್ಬರೂ ಬೇಕಾದವರೇ, ಆದರೆ ಈ ಸೀಮೆಯ ಜನಕ್ಕೆ ತಮ್ಮ ಬಂಡೆಯ ಬೆಲೆ ತಿಳಿದದ್ದು ಎರಡನೆಯವನಿಂದ.

ಇಷ್ಟು ಹೇಳಿದೊಡನೆ ಸೇವಾರ್ಥಿಯ ಪರ ವಕೀಲರು ಎದ್ದು ನಿಲ್ಲುತ್ತಾರೆ. ಏನೂ ಮಾಡದೆ ಮನೆಯಲ್ಲಿ ಕೂತು ಮಾತಾಡುವವರಿಗಿಂತ ಒಂದು ಗೋಡೆಗೆ ಬಣ್ಣ ಬಳಿದವನು ಮೇಲಲ್ಲವೇ ಎಂಬುದು ಮೊದಲ ಆಕ್ಷೇಪ. ಮೇಲೇ ಸರಿ, ಆದರೆ ಬಣ್ಣ ಬಳಿಯುವವರು ಚಳ್ಳಕೆರೆಯಲ್ಲಿಯೇ ಇದ್ದಾರೆ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಎಸಿ ಬಸ್ಸು, ಎಲ್ಲರಿಗೂ ಟೀ ಶರ್ಟು, ಒಂದು ಬ್ಯಾನರು, ಫೋಟೊ ತೆಗೆಯುವವನ ಕೂಲಿ ಇಷ್ಟನ್ನು ಕೂಡಿಸಿ ಆ ಹಣವನ್ನು ಸ್ಥಳದ ಪೇಂಟರ ಕೈಗೆ ಕೊಟ್ಟಿದ್ದರೆ ಗೋಡೆಯ ಜೊತೆ ಶೌಚಾಲಯದ ಬಾಗಿಲೂ ರಿಪೇರಿಯಾಗುತ್ತಿತ್ತು. ಸೇವೆಯ ಹೆಸರಿನಲ್ಲಿ ಒಬ್ಬನ ದಿನಗೂಲಿ ತಪ್ಪುತ್ತಲೂ ಇರಲಿಲ್ಲ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಗೋಡೆ ನೆಪ, ಬಂದವನ ಕಣ್ಣು ತೆರೆಯುತ್ತದೆ, ನಾಳೆ ಅವನೇ ದೊಡ್ಡ ಅಧಿಕಾರಿಯೋ ದಾನಿಯೋ ಆದಾಗ ಈ ಊರು ನೆನಪಿರುತ್ತದೆ. ನಿಜವಿರಬಹುದು. ಹಾಗಿದ್ದರೆ ಲಾಭ ಬಂದವನದು, ಪಾಠ ಹೇಳಿದ್ದು ಊರು ಎಂದಾಯಿತು. ಕ್ರೂಗರ್‌ನಲ್ಲಿ ಕಣ್ಣು ತೆರೆಸಿದ ಗೈಡಿಗೆ ಶುಲ್ಕ, ಟಿಪ್ಸು, ನಮಸ್ಕಾರ ಮೂರೂ ಸಂದವು. ಇಲ್ಲಿ ಕಣ್ಣು ತೆರೆಸಿದ ಹಳ್ಳಿಯೇ ಮುದ್ದೆ ಉಣ್ಣಿಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಬಂದು ಉಪಕಾರ ಮಾಡಿದಿರಿ ಎಂದು ಕೈಮುಗಿಯುತ್ತದೆ. ಯಾವ ಶಾಲೆಯಲ್ಲಿ ಶಿಷ್ಯನಿಗೆ ಗುರುದಕ್ಷಿಣೆ ಕೊಡುತ್ತಾರೆ?

ಹಾಗಾದರೆ ಇವರು ಬರುವುದೇ ಬೇಡವೇ? ಬೇಡ ಎಂದವರೂ ಉಂಟು. 1968ರಲ್ಲಿ ಮೆಕ್ಸಿಕೊಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲಿ ಚಿಂತಕ ಇವಾನ್ ಇಲಿಚ್ ಆ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದರು: ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಆ ಭಾಷಣದ ತಾತ್ಪರ್ಯ. ಅರ್ಧದಷ್ಟು ಒಪ್ಪಬೇಕಾದ ಮಾತು. ಪೂರ್ತಿ ಒಪ್ಪಿದರೆ ನೋಡಿದ ಮೇಲೂ ಸುಮ್ಮನಿರು ಎಂದಾಗುತ್ತದೆ, ಅದೂ ಒಂದು ಕ್ರೌರ್ಯ. ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಹುಟ್ಟುಹಾಕಿದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್‌ನಿಂದ 1976ರವರೆಗೆ 4,000ಕ್ಕೂ ಹೆಚ್ಚು ಅಮೆರಿಕನ್ನರು ಭಾರತಕ್ಕೆ ಬಂದು ದುಡಿದರು. ಮೈಸೂರು ರಾಜ್ಯಕ್ಕೆ ಕೋಳಿ ಸಾಕಣೆಗೆ ನೆರವಾಗಲು ಬಂದ ತಂಡಗಳೂ ಇದ್ದವು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 68ರ ವಯಸ್ಸಿನಲ್ಲಿ ಮುಂಬೈ ಬಳಿಯ ವಿಕ್ರೋಲಿಯಲ್ಲಿ ನರ್ಸ್ ಆಗಿ ನಿಂತರು. ಇವರ ಯೋಜನೆಗಳಲ್ಲಿ ಮೇಲೆದ್ದವೂ ಇವೆ, ಮಲಗಿದವೂ ಇವೆ. ಆದರೆ ಅವರು ಬರುವ ಮೊದಲು ಭಾಷೆ ಕಲಿಯಬೇಕಿತ್ತು, ಬಂದರೆ ಎರಡು ವರ್ಷ ಇರಬೇಕಿತ್ತು. ಎರಡು ವರ್ಷದಲ್ಲಿ ಒಂದು ಬರಗಾಲವಾದರೂ ಬರುತ್ತದೆ, ಭೇದಿ ಬರುತ್ತದೆ, ಸಾಲದ ಕೋಳಿ ಸಾಯುತ್ತದೆ, ಪಕ್ಕದ ಮನೆಯವರ ಜಗಳಕ್ಕೆ ಪಂಚಾಯ್ತಿ ಹೇಳಬೇಕಾಗುತ್ತದೆ. ಜಾಂಬಿಯಾದಲ್ಲಿ ಸೈಕಲ್ ತುಳಿದು ಸಂತೆಗೆ ಹೋಗುವ, ಕೊಡ ಹಿಡಿದು ನೀರಿಗೆ ಸಾಲು ನಿಲ್ಲುವ ಇವತ್ತಿನ ವಾಲಂಟಿಯರಿಗೂ ಆ ಪಾಠ ತಪ್ಪುವುದಿಲ್ಲ. ಅಷ್ಟು ನೋಡಿದ ಮೇಲೆ ಬಾಯಿಂದ ಬರುವ ಸಲಹೆಗಳು ತಾನೇ ಕಡಿಮೆಯಾಗುತ್ತವೆ, ಉಳಿದವು ಉಪಯೋಗಕ್ಕೆ ಬರುತ್ತವೆ. ಶನಿವಾರ ಬಂದು ಭಾನುವಾರ ಹೋಗುವವನಿಗೆ ಈ ಅದೃಷ್ಟವಿಲ್ಲ. ಹೋಗುವ ದಾರಿಯಲ್ಲಿ ಚಿತ್ರದುರ್ಗದ ಕೋಟೆಗೂ ಹೊತ್ತು ಉಳಿಸಿಕೊಳ್ಳಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಹರಿತ: ಸಫಾರಿಯ ನಡತೆಯನ್ನು ಊರಿಗೂ ತನ್ನಿ ಎಂದರೆ ಜನರನ್ನು ಪ್ರಾಣಿಗಳಂತೆ ಜೀಪಿನಲ್ಲಿ ಕೂತು ನೋಡಿ ಎಂದಾಗಲಿಲ್ಲವೇ? ಬಡತನವನ್ನು ಟಿಕೆಟ್ ಕೊಟ್ಟು ನೋಡುವ ಪ್ರವಾಸಗಳು ದಕ್ಷಿಣ ಆಫ್ರಿಕಾದ ಕೇರಿಗಳಲ್ಲೂ ಮುಂಬೈಯಲ್ಲೂ ನಡೆಯುತ್ತಿವೆ, ಅವುಗಳ ಮುಜುಗರ ಎಲ್ಲರಿಗೂ ಗೊತ್ತು. ಸಫಾರಿಯಿಂದ ಎರವಲು ಪಡೆಯಬೇಕಾದದ್ದು ಆ ದುರ್ಬೀನನ್ನಲ್ಲ, ಗೈಡಿನ ಮುಂದಿನ ವಿಧೇಯತೆಯನ್ನು. ಅಲ್ಲಿ ಗೈಡ್ ಹೇಳಿದ್ದೇ ಕಾನೂನು. ಇಲ್ಲಿ ಗೈಡ್ ಆಗಬೇಕಾದವರೇ ಕೈಕಟ್ಟಿ ನಿಂತು ಕೇಳುತ್ತಾರೆ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗೆ ಯಾವ ಮಳೆಗೆ ಯಾವ ಹುಲ್ಲು ಏಳುತ್ತದೆ, ಬರಗಾಲದಲ್ಲಿ ದನವನ್ನು ಯಾವ ದಿಕ್ಕಿಗೆ ಹೊಡೆಯಬೇಕು ಎಂಬುದು ಬಾಯಿಪಾಠ. ಹುಣಸೆ ಬೀಜದ ಸರಿ ಹಚ್ಚಿ ಕಂಬಳಿಯನ್ನು ಮಳೆಗೆ ಬಗ್ಗದಂತೆ ಬಿಗಿಗೊಳಿಸುವ ವಿದ್ಯೆ ಚಳ್ಳಕೆರೆಯ ಕುರುಬರದು. ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಬರುವಂತೆ ಎಳೆ ಕೂಡಿಸುವ ಮೊಳಕಾಲ್ಮೂರಿನ ನೇಕಾರ ಜಿಐ ಮಾನ್ಯತೆ ಪಡೆದ ಕಸುಬಿನವನು. ಇವರೆದುರು ಕೌಶಲ್ಯಾಭಿವೃದ್ಧಿಯ ಸ್ಲೈಡ್ ಹಾಕುವುದಕ್ಕೆ ಧೈರ್ಯ ಬೇಕು, ಅದು ಸೇವಾರ್ಥಿಗೆ ಧಾರಾಳವಾಗಿದೆ. ನಮ್ಮವರೂ ಇದರಲ್ಲಿ ಪಾಲುದಾರರು. ಬಂದವರು ಇಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ, "ಇಲ್ಲೇನೈತೆ ಸಾರ್, ಬರೀ ಬಯಲು, ಹಂಪೆಗೆ ಹೋಗ್ರಿ" ಎಂದು ದಾರಿ ತೋರಿಸುತ್ತೇವೆ. ಊರಿನ ಹುಡುಗನೇ ಐಟಿ ಸೇರಿ ಆಫ್ರಿಕಾ ಸುತ್ತಿ ಬಂದು ಹುಲ್ಲುಗಾವಲಿನ ಸೂರ್ಯಾಸ್ತದ ಫೋಟೊ ಹಂಚುತ್ತಾನೆ. ಅವನ ಅಪ್ಪ ಅದೇ ಹೊತ್ತಿಗೆ ಕಾವಲಿನಿಂದ ಕುರಿ ಹೊಡೆದುಕೊಂಡು ಬರುತ್ತಾ ಮೊಬೈಲಿನಲ್ಲಿ ಅದಕ್ಕೊಂದು ಲೈಕ್ ಒತ್ತುತ್ತಾನೆ.

ಆದ್ದರಿಂದ ಸೇವಾರ್ಥಿಯನ್ನು ಓಡಿಸುವ ಮಾತು ಬೇಡ, ಅವನನ್ನು ತಿದ್ದುವ ಕಷ್ಟವೂ ಬೇಡ. ಒಳ್ಳೆಯ ನಡತೆ ಅವನಲ್ಲಿ ಈಗಾಗಲೇ ಇದೆ. ಅದನ್ನು ಕ್ರೂಗರ್‌ನ ಗೇಟಿನಲ್ಲಿ ಬಿಟ್ಟು ಬರದಂತೆ ನೋಡಿಕೊಂಡರೆ ಸಾಕು. ಅದಕ್ಕೆ ಚಳ್ಳಕೆರೆ, ಮೊಳಕಾಲ್ಮೂರಿನ ಪಂಚಾಯ್ತಿಗಳೂ ಒಂದು ಬೋರ್ಡು ಹಾಕಬಹುದು. ಪ್ರವೇಶ ಶುಲ್ಕ ಉಂಟು, ಅದು ಶಾಲೆಯ ಲೆಕ್ಕಕ್ಕೆ. ಕುರಿ ಕಾಯುವವರನ್ನಾಗಲಿ ಕಿಲಾರಿಯನ್ನಾಗಲಿ ಗೈಡ್ ಆಗಿ ಕರೆದೊಯ್ಯುವುದು ಕಡ್ಡಾಯ, ಅವರ ದಿನಗೂಲಿ ಮೊದಲೇ ಕಟ್ಟಬೇಕು. ಅವರು ತೋರಿಸಿದ ಕಡೆ ನೋಡಬೇಕು, ಸುಮ್ಮನಿರಿ ಎಂದರೆ ಸುಮ್ಮನಿರಬೇಕು. ಬಯಲಿನಲ್ಲಿ ಕಂಡದ್ದನ್ನು ಕಂಡಲ್ಲೇ ಬಿಡಬೇಕು, ಕಾಣದ್ದನ್ನು ತಂದು ನೆಡಬಾರದು. ಮಕ್ಕಳಿಗೆ ಚಾಕೊಲೇಟ್ ಎಸೆಯುವುದನ್ನು ನಿಷೇಧಿಸಲಾಗಿದೆ. ಇಷ್ಟಕ್ಕೆ ಒಪ್ಪಿ ಬಂದವರಿಗೆ ಮುದ್ದೆ, ಸಾರು, ಮಜ್ಜಿಗೆ ಹೊಟ್ಟೆ ತುಂಬ. ಶುಲ್ಕಕ್ಕೆ ರಸೀದಿಯನ್ನು ಅಂದೇ ಕೊಡಲಾಗುವುದು. ಸಲಹೆಗಳನ್ನು ಮಾತ್ರ ಎರಡು ವರ್ಷ ಊರಿನಲ್ಲಿದ್ದ ಮೇಲೆ, ಕನ್ನಡದಲ್ಲಿ, ಲಿಖಿತವಾಗಿ ಸ್ವೀಕರಿಸಲಾಗುವುದು.